ಬೆಂಚಿನ ಡಾಕ್ಟರಮ್ಮ

ನನ್ನ ತಂಗಿಗೆ ನಲವತ್ತಾರು ವರ್ಷ. ತಲೆಯಲ್ಲಿ ಕಪ್ಪಿಗಿಂತ ಬಿಳಿ ಕೂದಲೇ ಜಾಸ್ತಿ. ಮನೋವೈದ್ಯೆಯಾಗಿ ಇಪ್ಪತ್ತು ವರ್ಷ ದಾಟಿದೆ. ಆದರೂ ಮನೆಯಲ್ಲಿ ಅವಳು ಇವತ್ತಿಗೂ ಪಾಪು. ಹುಟ್ಟಿದಾಗ ಒಳ್ಳೆಯ ಹೆಸರು ಹುಡುಕುವುದಕ್ಕೆ ಅಪ್ಪ ಆರು ತಿಂಗಳು ತೆಗೆದುಕೊಂಡರು, ಅಷ್ಟರಲ್ಲಿ ಇದು ಅಂಟಿಕೊಂಡುಬಿಟ್ಟಿತು. ನಾನು ಅವಳಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸ್ ಆಗಿದ್ದವಳು. ವಾರ್ಡಿನಲ್ಲಿ ನನ್ನ ಚಪ್ಪಲಿ ಸದ್ದು ಕೇಳಿದರೆ ಬೀಡಿ ಸೇದುತ್ತಿದ್ದವರು ಕಿಟಕಿಯಿಂದ ಆಚೆ ಎಸೆದು ಹೊದಿಕೆ ಎಳೆದುಕೊಳ್ಳುತ್ತಿದ್ದರು. ನಮ್ಮಿಬ್ಬರಿಗೂ ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಕಾರಣ ಹೇಳಿ, ಈಗ ನಿಜವಾದದ್ದು ಯಾವುದೆಂದು ನನಗೇ ಮರೆತುಹೋಗಿದೆ.

ಪಾಪು ಕೆಲಸ ಮಾಡುತ್ತಿದ್ದದ್ದೂ ನನ್ನ ಆಸ್ಪತ್ರೆಯಲ್ಲೇ, ಹದಿನಾಲ್ಕನೇ ನಂಬರಿನ ಕೋಣೆಯಲ್ಲಿ. ಒಂದು ಮೇಜು, ಇಬ್ಬರು ಡಾಕ್ಟರು. ಕಿಟಕಿಯ ಚಿಲಕ ಮುರಿದು, ಅದು ಬಡಿದುಕೊಳ್ಳದಂತೆ ಖಾಲಿ ಔಷಧಿ ಡಬ್ಬಿಯೊಂದನ್ನು ಸಿಕ್ಕಿಸಿದ್ದರು. ಮಧ್ಯಾಹ್ನದೊಳಗೆ ಎಂಬತ್ತು ಚೀಟಿ ಮುಗಿಯಬೇಕು. ಒಬ್ಬರಿಗೆ ಮೂರು ನಿಮಿಷ ಸಿಕ್ಕರೆ ಪುಣ್ಯ. ಅದಕ್ಕೇ ಅವಳು ತನ್ನದೇ ಒಂದು ದಾರಿ ಕಂಡುಕೊಂಡಿದ್ದಳು. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಬಂದು, ಬಿಳಿ ಕೋಟು ಹಾಕಿಕೊಳ್ಳದೆ, ಹೊರಗಿನ ಉದ್ದನೆಯ ಮರದ ಬೆಂಚಿನ ಮೇಲೆ ರೋಗಿಗಳ ನಡುವೆ ಕೂತುಬಿಡುತ್ತಿದ್ದಳು. ಹೊಸಬರು ಅವಳನ್ನೂ ರೋಗಿಯೆಂದೇ ತಿಳಿದು ಜರುಗಿ ಜಾಗ ಕೊಡುತ್ತಿದ್ದರು. ಯಾರ ಕೈ ನಡುಗುತ್ತಿದೆ, ಯಾರನ್ನು ಯಾರು ಎಳೆದುಕೊಂಡು ಬಂದಿದ್ದಾರೆ, ತಂದ ತಿಂಡಿಯನ್ನು ಯಾರು ಮುಟ್ಟುತ್ತಿಲ್ಲ, ಎಲ್ಲ ನೋಡಿಟ್ಟುಕೊಳ್ಳುವಳು. ಒಳಗೆ ಹೋದ ಮೇಲೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಜೊತೆಗೆ ಬಂದವರು ಯಾರು? ಅವರನ್ನೂ ಕರೀರಿ." ರೋಗಿ "ನನಗೇನೂ ಆಗಿಲ್ಲ" ಅನ್ನುತ್ತಾನೆ, ಜೊತೆಗೆ ಬಂದವಳು ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ. ಮೂರು ನಿಮಿಷದಲ್ಲಿ ಇದಕ್ಕಿಂತ ಒಳ್ಳೆಯ ವೈದ್ಯ ಮಾಡುವುದು ಸಾಧ್ಯವಿರಲಿಲ್ಲ. ಜನ ಅವಳನ್ನು ಬೆಂಚಿನ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು.

ನಾನು ನಿವೃತ್ತಳಾದ ವರ್ಷ, ಒಂದು ಭಾನುವಾರ ಊಟಕ್ಕೆ ಕೂತಾಗ ಅವಳು ತಟ್ಟೆ ನೋಡಿಕೊಂಡೇ ಹೇಳಿದಳು. "ಅಕ್ಕ, ಹೊರದೇಶದ ಒಂದು ಆಸ್ಪತ್ರೆಯಿಂದ ಕಾಗದ ಬಂದಿದೆ. ಹೋಗಬೇಕು ಅಂತಿದ್ದೀನಿ."

"ಯಾಕೆ, ಇಲ್ಲಿ ಪೇಷಂಟುಗಳು ಸಾಲದಾದ್ರಾ?"

"ಜಾಸ್ತಿ ಆದ್ರು. ಇಪ್ಪತ್ತು ವರ್ಷದಲ್ಲಿ ನಾನು ಒಬ್ಬರ ಮಾತನ್ನೂ ಪೂರ್ತಿ ಕೇಳಿಲ್ಲ ಅಕ್ಕ. ಎಲ್ಲರನ್ನೂ ಅರ್ಧಕ್ಕೆ ನಿಲ್ಲಿಸಿ ಮಾತ್ರೆ ಬರೆದುಕೊಟ್ಟಿದ್ದೀನಿ. ಒಂದೇ ಒಂದು ಸಲ, ಯಾರಾದ್ರೂ ತಮ್ಮ ಮಾತು ತಾವೇ ನಿಲ್ಲಿಸೋವರೆಗೂ ಕೇಳ್ಬೇಕು ಅಂತ ಆಸೆ. ಅಲ್ಲಿ ಒಬ್ಬರಿಗೆ ಐವತ್ತು ನಿಮಿಷ."

ನನಗೆ ನಗು ತಡೆಯಲಾಗಲಿಲ್ಲ. "ಐವತ್ತು ನಿಮಿಷದಲ್ಲಿ ನೀನು ಹದಿನೇಳು ಜನರನ್ನ ನೋಡಿ ಕಳಿಸ್ತೀಯಲ್ಲೇ!"

ಅವಳು ನಗಲಿಲ್ಲ. ಆಗ ನನಗೆ ಗೊತ್ತಾಯಿತು, ಇವಳು ಹೊರಟಾಯಿತು ಎಂದು. ಪಾಪು ಜಗಳವಾಡಿದರೆ ಬಗ್ಗಿಸಬಹುದು. ಸುಮ್ಮನಾದರೆ ಮುಗಿಯಿತು, ಯಾರ ಅಪ್ಪನ ಮಾತೂ ಕೇಳುವುದಿಲ್ಲ.

ಷರತ್ತು ಒಂದಿತ್ತು. ಮೊದಲ ಆರು ತಿಂಗಳು ಪರೀಕ್ಷೆಯ ಕಾಲ. ಕೊನೆಗೆ ಅಲ್ಲಿನ ಮುಖ್ಯ ವೈದ್ಯರು "ಇವರು ಆಗಬಹುದು" ಎಂದು ಸಹಿ ಹಾಕಿದರೆ ಕೆಲಸ ಕಾಯಂ. ಇಲ್ಲವಾದರೆ ಗಂಟುಮೂಟೆ ಕಟ್ಟಿ ವಾಪಸು. ವಾಪಸು ಎಲ್ಲಿಗೆ? ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು, ಹದಿನಾಲ್ಕನೇ ಕೋಣೆಗೆ ಬೇರೆಯವರು ಬಂದಾಗಿತ್ತು, ಬಾಡಿಗೆ ಮನೆಯ ಬೀಗದ ಕೈ ಕೊಟ್ಟಾಗಿತ್ತು. "ನೀನೂ ಬಾ ಅಕ್ಕ" ಅಂದಳು. ಬರುವುದಿಲ್ಲ ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಸ್ವೆಟರ್ ಹುಡುಕಲು ಹೊರಟೆ. ಹೊರದೇಶಕ್ಕೆ ಎರಡು ಸೂಟ್‌ಕೇಸ್ ತಂದೆ. ಒಂದನ್ನು ಮಾತ್ರ ಬಿಚ್ಚಿದೆ. ಇನ್ನೊಂದನ್ನು ಬೀಗ ಹಾಕಿದ ಹಾಗೆಯೇ ಮಂಚದ ಕೆಳಗೆ ತಳ್ಳಿದೆ. ಆರು ತಿಂಗಳಿಗೆ ಯಾವ ಭಾಗ್ಯಕ್ಕೆ ಎಲ್ಲ ಹರಡಿಕೊಳ್ಳುವುದು?

ಹೊಸ ಮನೆ ಮೂರನೇ ಮಹಡಿಯಲ್ಲಿ, ಎರಡು ಕೋಣೆ. ಕಿಟಕಿಯಿಂದ ನೋಡಿದರೆ ಕಾರು ನಿಲ್ಲಿಸುವ ಜಾಗ, ಒಂದು ಬೋಳು ಮರ. ಬಾಣಲೆ ಸ್ವಲ್ಪ ಕಾದರೂ ಸಾಕು, ಚಾವಣಿಯ ಹೊಗೆ ಗಂಟೆ ಮನೆಗೆ ಬೆಂಕಿ ಬಿದ್ದ ಹಾಗೆ ಬಡಿದುಕೊಳ್ಳುತ್ತಿತ್ತು. ನಾನು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದೆ, ಕೆಳಗಿನ ಮನೆಯವರು ಕೋಲಿನಿಂದ ತಟ್ಟುತ್ತಿದ್ದರು. ಅವರ ಪರಿಚಯವಾದದ್ದೇ ಹಾಗೆ.

ಪಾಪುವಿನ ಕೋಣೆಗೆ ಕಾರ್ಪೆಟ್ಟು, ಮೇಜುದೀಪ, ಎರಡು ಮೆತ್ತನೆಯ ಕುರ್ಚಿ. ರೋಗಿಯ ತಲೆಯ ಹಿಂದೆ ಗಡಿಯಾರ, ಡಾಕ್ಟರಿಗೆ ಮಾತ್ರ ಕಾಣುವ ಹಾಗೆ. ಮೊದಲ ದಿನ ಬಂದು ಸೋಫಾದ ಮೇಲೆ ಕುಸಿದಳು.

"ಒಂಬತ್ತು ನಿಮಿಷಕ್ಕೆ ಮುಗಿಸಿಬಿಟ್ಟೆ ಅಕ್ಕ. ಕೇಳೋದೆಲ್ಲ ಕೇಳಿ ಆಯ್ತು. ಇನ್ನೂ ನಲವತ್ತೊಂದು ನಿಮಿಷ ಇತ್ತು."

"ಆಮೇಲೆ?"

"ಸುಮ್ನೆ ಕೂತಿದ್ದೆ. ಅವರೂ ಸುಮ್ನೆ ಕೂತಿದ್ರು. ನನ್ನ ಹೊಟ್ಟೆ ಗುರ್ ಅಂತು. ಇಬ್ಬರಿಗೂ ಕೇಳಿಸ್ತು."

ರೋಗಿಗಳ ವಿಷಯ ಇಷ್ಟರ ಮೇಲೆ ಅವಳು ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಊರಲ್ಲಿದ್ದಾಗ ಇಬ್ಬರೂ ಒಂದೇ ಆಸ್ಪತ್ರೆಯವರು, ಅಲ್ಲಿನದ್ದು ಬೇರೆ. ಇಲ್ಲಿ ನಾನು ಬರೀ ಅಕ್ಕ.

ಮೊದಲ ವಾರ ಅಭ್ಯಾಸಬಲದಿಂದ ಅವಳು ಹೊರಗೆ ಹೋಗಿ ರೋಗಿಗಳ ಮಧ್ಯೆ ಕೂತಿದ್ದಾಳೆ. ಅಲ್ಲಿ ಬೆಂಚಿಲ್ಲ. ಹನ್ನೆರಡು ಕುರ್ಚಿ, ಪ್ರತಿಯೊಂದಕ್ಕೂ ಎರಡು ಕೈ, ಯಾರದ್ದು ಯಾರಿಗೂ ತಾಗಬಾರದು. ಮುಖ್ಯ ವೈದ್ಯೆ ನೋಡಿ ಒಳಗೆ ಕರೆದು, "ಕಾಯುವ ಕೋಣೆ ರೋಗಿಗಳದ್ದು ಡಾಕ್ಟರ್, ನಮ್ಮದಲ್ಲ" ಎಂದರಂತೆ. ಗಟ್ಟಿಯಾಗಿಯೂ ಹೇಳಲಿಲ್ಲ, ನಗುತ್ತಲೂ ಹೇಳಲಿಲ್ಲ. ಆಕೆ ಕೂದಲ ಗಂಟಿಗೆ ಸದಾ ಒಂದು ಪೆನ್ಸಿಲು ಸಿಕ್ಕಿಸಿಕೊಂಡಿರುತ್ತಿದ್ದರು. ನಾನು ಪೆನ್ಸಿಲಮ್ಮ ಎಂದು ಹೆಸರಿಟ್ಟೆ. ಸಹಿ ಹಾಕಬೇಕಾದವರು ಅವರೇ.

ಬೆಂಚು ಹೋಯಿತಲ್ಲ, ನಾನೇ ಅವಳ ಬೆಂಚಾದೆ. ದಿನಾ ಹನ್ನೆರಡೂವರೆಗೆ ಊಟದ ಡಬ್ಬಿ ತೆಗೆದುಕೊಂಡು ಹೋಗಿ, ಅವಳು ಬರುವವರೆಗೆ ಆ ಕುರ್ಚಿಗಳಲ್ಲೊಂದರಲ್ಲಿ ಕೂರುತ್ತಿದ್ದೆ. ಕೂತರೆ ಕಣ್ಣು ಸುಮ್ಮನಿರುತ್ತದೆಯೇ? ಮೂವತ್ತೈದು ವರ್ಷದ ಕಣ್ಣು.

ಬುಧವಾರಗಳಲ್ಲಿ ಇಬ್ಬರು ಬರುತ್ತಿದ್ದರು. ಒಬ್ಬರು ಬೂದು ಕೋಟಿನ ಮುದುಕರು, ಎಪ್ಪತ್ತರ ಆಸುಪಾಸು, ಲಿಫ್ಟ್ ರಿಪೇರಿ ಮಾಡುತ್ತಿದ್ದವರಂತೆ. ಇನ್ನೊಬ್ಬರು ಕೈಚೀಲದಲ್ಲಿ ಕಿತ್ತಳೆ ತರುತ್ತಿದ್ದ ಅಜ್ಜಿ, ಹಿಂದೆ ದರ್ಜಿ ಅಂಗಡಿ ಇಟ್ಟಿದ್ದವರು. ಇಬ್ಬರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಅದಕ್ಕೇ ಬೂದು ಕೋಟು, ಕಿತ್ತಳೆ ಅಜ್ಜಿ. ಹನ್ನೆರಡು ಕುರ್ಚಿಯಲ್ಲಿ ಹತ್ತು ಖಾಲಿ ಇದ್ದರೂ ಇಬ್ಬರೂ ಕಿಟಕಿಯ ಹತ್ತಿರ ಅಕ್ಕಪಕ್ಕ ಕೂರುವರು. ಅಜ್ಜಿ ಸಿಪ್ಪೆ ಸುಲಿದು ಅರ್ಧ ಅವರ ಕೈಗೆ ಕೊಡುವಳು. ಅವರು ತಿಂದು, ಬೀಜ ಬಾಯಲ್ಲೇ ಇಟ್ಟುಕೊಂಡು ಎಲ್ಲಿ ಹಾಕಲಿ ಎಂದು ಅತ್ತಿತ್ತ ನೋಡಿದರೆ, ಅಜ್ಜಿ ಅವರ ಮುಖ ಕೂಡ ನೋಡದೆ ಅಂಗೈ ಚಾಚುವಳು. ಅವರು ಬೀಜವನ್ನು ಅದರೊಳಗೆ ಹಾಕುವರು. ಅಜ್ಜಿ ಕರವಸ್ತ್ರದಲ್ಲಿ ಸುತ್ತಿಕೊಳ್ಳುವಳು.

ಒಂದೂವರೆಗೆ ಬೂದು ಕೋಟು ಪಾಪುವಿನ ಕೋಣೆಗೆ ಹೋಗುವರು, ಒಬ್ಬರೇ. ಅಜ್ಜಿ ಹೊರಗೇ. ನನಗೆ ಮೈ ಉರಿಯಿತು. ಹೆಂಡತಿಯನ್ನು ಹೊರಗೆ ಕೂರಿಸಿ ಗಂಡನಿಗೆ ವೈದ್ಯ ಮಾಡುವುದು ಯಾವ ಸೀಮೆ ಪದ್ಧತಿ?

ನಾಲ್ಕನೇ ತಿಂಗಳ ಒಂದು ಬುಧವಾರ, ಊಟ ಮಾಡುತ್ತಿದ್ದ ಪಾಪುವಿಗೆ ಹೇಳಿಯೇಬಿಟ್ಟೆ. "ನಿನ್ನ ಒಂದೂವರೆ ಪೇಷಂಟಿನ ಹೆಂಡತಿ ಪ್ರತಿ ಸಲ ಜೊತೆಗೇ ಬರ್ತಾಳೆ. ಒಂದು ದಿನವಾದ್ರೂ ಒಳಗೆ ಕರೆದಿದ್ದೀಯಾ?"

ಅವಳು ಚಮಚ ಕೆಳಗಿಟ್ಟಳು. "ಹೆಂಡತೀನಾ? ಒಬ್ಬರೇ ಇರೋದು ಅಂತ ನಾನು..." ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡಳು.

"ಗಂಡಸರು ಹಾಗೇ ಹೇಳೋದು. ನಮ್ಮ ವಾರ್ಡಿನಲ್ಲಿ ಎಷ್ಟು ಜನ ಹೆಂಡತಿ ಮಂಚದ ಪಕ್ಕದಲ್ಲೇ ನಿಂತಿದ್ರೂ ನನಗೆ ಯಾರೂ ಇಲ್ಲ ಅಂತ ಗೋಳಾಡ್ತಿರಲಿಲ್ಲ? ಕರಿ ಒಳಗೆ."

"ಇಲ್ಲಿ ಕೇಳದೆ ಕರೆಯೋ ಹಾಗಿಲ್ಲ ಅಕ್ಕ."

"ಕೇಳು ಮತ್ತೆ! ಬಾಯಿಲ್ವಾ?"

ಅವಳು ಕೇಳಿದಳು. ನಾನು ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತಾ ಕಣ್ಣಾರೆ ನೋಡಿದೆ. ಬಾಗಿಲಲ್ಲಿ ನಿಂತು, "ನಿಮ್ಮ ಜೊತೆ ಇರೋರೂ ಒಳಗೆ ಬರಬಹುದಾ?" ಎಂದಳು. ಬೂದು ಕೋಟು ಅಜ್ಜಿಯ ಕಡೆ ನೋಡಿ, "ಪರವಾಗಿಲ್ಲ" ಅಂದರು. ಅಜ್ಜಿ ಚೀಲ ಎತ್ತಿಕೊಂಡು ಅವರ ಹಿಂದೆ ಹೋದಳು. ಬಾಗಿಲು ಮುಚ್ಚಿತು. ಹಳೆಯ ಆಸ್ಪತ್ರೆಯ ಬುದ್ಧಿ ಹೊಸ ಆಸ್ಪತ್ರೆಗೆ ಕಲಿಸಿದೆ ಎಂಬ ಜಂಬದಲ್ಲಿ ನಾನು ಮನೆಗೆ ನಡೆದೇ ಬಂದೆ, ಬಸ್ಸು ಕೂಡ ಹಿಡಿಯಲಿಲ್ಲ.

ಸಂಜೆ ಪಾಪು ಬಂದವಳು ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತಳು.

"ಅಕ್ಕ, ಅವರಿಬ್ಬರು ಗಂಡ ಹೆಂಡತಿ ಅಂತ ನಿನಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನನಗೆ ಕಣ್ಣಿಲ್ವಾ?"

"ಅಲ್ಲ."

"ಏನು ಅಲ್ಲ?"

"ಗಂಡ ಹೆಂಡತಿ ಅಲ್ಲ. ಏನೂ ಅಲ್ಲ. ಆ ಅಜ್ಜಿ ಪಕ್ಕದ ಕೋಣೆ ಡಾಕ್ಟರ ಪೇಷಂಟು."

ಒಬ್ಬ ರೋಗಿಯ ಕಾಯಿಲೆಯನ್ನೆಲ್ಲ ಇನ್ನೊಬ್ಬ ರೋಗಿಯ ಎದುರು ಬಿಚ್ಚಿಟ್ಟ ಹಾಗಾಯಿತು. ಅಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ನಮ್ಮೂರಲ್ಲಾದರೂ ತಪ್ಪೇ, ಆದರೆ ನಮ್ಮಲ್ಲಿ ಯಾರೂ ಎಣಿಸುವುದಿಲ್ಲ.

"ಯಾರಿಗೆ ಗೊತ್ತು ಇದು?"

"ಎಲ್ಲರಿಗೂ. ನಾನೇ ಬರೆದುಕೊಟ್ಟೆ."

"ನೀನೇ? ತಲೆ ಕೆಟ್ಟಿದೆಯೇನೇ ನಿನಗೆ? ಬಾಗಿಲು ಮುಚ್ಚಿತ್ತು, ಒಳಗೆ ಮೂರು ಜನ. ಯಾರು ನೋಡಿದ್ರು?"

"ನಾನು ನೋಡಿದ್ನಲ್ಲ ಅಕ್ಕ" ಅಂದಳು. ಆಮೇಲೆ ಬೂಟು ಬಿಚ್ಚಿ, ಜೋಡಿಸಿಟ್ಟು, ಒಳಗೆ ಹೋದಳು. ನನ್ನ ಮೇಲೆ ಒಂದು ಮಾತು ಆಡಲಿಲ್ಲ. ಬೈದಿದ್ದರೆ ಸಂಕಟ ಇಷ್ಟಾಗುತ್ತಿರಲಿಲ್ಲ.

ಮರುದಿನ ನನಗೆ ಅನ್ನ ಇಳಿಯಲಿಲ್ಲ. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಮೇಲೆ ಎರಡು ಸ್ವೆಟರ್ ಹಾಕಿಕೊಂಡು, ಪೆನ್ಸಿಲಮ್ಮನ ಬಾಗಿಲು ತಟ್ಟಿದೆ. ಅಲ್ಲಿನ ಭಾಷೆ ನನಗೆ ಅಷ್ಟಕ್ಕಷ್ಟೆ. ರಾತ್ರಿಯೇ ಕಾಗದದ ಮೇಲೆ ಬರೆದು ಬಾಯಿಪಾಠ ಮಾಡಿಕೊಂಡಿದ್ದೆ. "ತಪ್ಪು ನನ್ನ ತಂಗಿಯದಲ್ಲ. ಕಣ್ಣು ನನ್ನದು. ಆ ಹೆಂಗಸು ಬೀಜಕ್ಕೆ ಅಂಗೈ ಚಾಚಿದಳು. ನಮ್ಮ ಕಡೆ ಹಾಗೆ ಚಾಚೋಳು ತಾಯಿ, ಇಲ್ಲಾಂದ್ರೆ ಹೆಂಡತಿ. ವಯಸ್ಸು ನೋಡಿ ಹೆಂಡತಿ ಅಂದುಕೊಂಡೆ. ಶಿಕ್ಷೆ ಕೊಡೋದಾದ್ರೆ ನನಗೆ ಕೊಡಿ."

ಪೆನ್ಸಿಲಮ್ಮ ಪೆನ್ಸಿಲು ತೆಗೆದು ಏನೋ ಬರೆದುಕೊಂಡರು. "ಬಂದು ಹೇಳಿದ್ದಕ್ಕೆ ಧನ್ಯವಾದ. ಇನ್ನು ಮೇಲೆ ಡಬ್ಬಿಯನ್ನು ಮುಂದಿನ ಕೌಂಟರಿನಲ್ಲಿ ಕೊಟ್ಟು ಹೋಗಿ. ಬಾಗಿಲು ಹಾಕಿಕೊಂಡು ಹೋಗುತ್ತೀರಾ?" ಅಷ್ಟೇ. ನಾನು ಮನಸ್ಸಿನಲ್ಲೇ ಒಳ್ಳೆಯ ಕನ್ನಡದಲ್ಲಿ ಬೈದುಕೊಳ್ಳುತ್ತಾ ಬಾಗಿಲು ಹಾಕಿಕೊಂಡು ಬಂದೆ.

ಪಾಪುವಿಗೆ ಅವರು ಹೇಳಿದ್ದು ಇಷ್ಟು: ಇಬ್ಬರು ರೋಗಿಗಳನ್ನೂ ಕೇಳುತ್ತೇವೆ. ಇಬ್ಬರಲ್ಲಿ ಯಾರೊಬ್ಬರು ನಿಮ್ಮ ಮೇಲೆ ದೂರು ಕೊಟ್ಟರೂ ನನ್ನಿಂದ ಸಹಿ ಹಾಕಲಾಗುವುದಿಲ್ಲ.

ಇದಾಗಿ ಮೂರು ವಾರಕ್ಕೆ, ಒಂದು ಸೋಮವಾರ, ಡಬ್ಬಿ ಕೊಟ್ಟು ಬರುವಾಗ ಬಸ್ ನಿಲ್ದಾಣದಲ್ಲಿ ಕಿತ್ತಳೆ ಅಜ್ಜಿ ಕೂತಿದ್ದಳು. ಮಡಿಲಲ್ಲಿ ಸಿಪ್ಪೆ. ಅರ್ಧ ಹಣ್ಣು ತಿಂದಿದ್ದಳು, ಇನ್ನರ್ಧ ಕೈಯಲ್ಲೇ ಇತ್ತು. ನಾನು ಮುಖ ತಿರುಗಿಸಿಕೊಂಡು ನಿಂತೆ.

"ಊಟದ ಡಬ್ಬಿಯವರು ನೀವೇ ಅಲ್ವಾ? ಕೂತ್ಕೊಳ್ಳಿ" ಎಂದು ಜರುಗಿ ಜಾಗ ಕೊಟ್ಟಳು. ನಿಲ್ದಾಣದಲ್ಲಿ ಇದ್ದದ್ದು ಕುರ್ಚಿಯಲ್ಲ, ಬೆಂಚು.

ಆಕೆ ನಿಧಾನವಾಗಿ, ನನಗೆ ತಿಳಿಯುವ ಹಾಗೆ ಮಾತಾಡಿದಳು. ಆ ದಿನ ಒಳಗೆ ನಡೆದದ್ದನ್ನು ಕೇಳಿದ್ದು ಆಗಲೇ. ಪಾಪು ಅಜ್ಜಿಯ ಕಡೆ ತಿರುಗಿ "ಇವರು ನಿದ್ದೆ ಮಾಡ್ತಾರಾ?" ಎಂದು ಕೇಳಿದಳಂತೆ. "ಮೂರು ಗಂಟೆಗೇ ಎಚ್ಚರ ಆಗುತ್ತೆ ಇವರಿಗೆ. ಎದ್ದು ಹಳೆ ಬೀಗಗಳನ್ನ ಬಿಚ್ಚಿ ಜೋಡಿಸ್ತಾ ಕೂರ್ತಾರೆ" ಅಂದಳಂತೆ ಅಜ್ಜಿ. ಮಾತ್ರೆ? "ಬೆಳಗಿನದ್ದು ನುಂಗ್ತಾರೆ. ಸಂಜೇದನ್ನ ಸಿಂಕಿಗೆ ಹಾಕ್ತಾರೆ, ಕೈ ನಡುಗುತ್ತೆ ಅಂತ. ಕೈ ನಡುಗಿದ್ರೆ ಬೀಗ ಜೋಡಿಸೋಕೆ ಆಗಲ್ವಲ್ಲ." ಬೂದು ಕೋಟು ತಲೆ ಬಗ್ಗಿಸಿಕೊಂಡು ಕೇಳುತ್ತಿದ್ದವರು ನಕ್ಕುಬಿಟ್ಟರಂತೆ. ನಿದ್ದೆ ಹೇಗಿದೆ, ಊಟ ಹೇಗಿದೆ, ಮನಸ್ಸು ಹೇಗಿದೆ ಅಂದರೆ ಎರಡು ವರ್ಷದಿಂದ ಎಲ್ಲ ಡಾಕ್ಟರಿಗೂ "ಪರವಾಗಿಲ್ಲ" ಎಂದು ಒಂದೇ ಮಾತು ಹೇಳಿದ ಮನುಷ್ಯ. ಪಾಪು ಮಾತ್ರೆ ಬದಲಾಯಿಸಿದ್ದಾಳೆ. ಕೊನೆಗೆ ಮನೆಯವರ ಸಹಿ ಎಂದು ಕಾಗದ ಮುಂದಿಟ್ಟಾಗ ಅಜ್ಜಿ, "ನಾನು ಮನೆಯವಳಲ್ಲ, ನನ್ನ ಡಾಕ್ಟರು ಪಕ್ಕದ ಕೋಣೆಯಲ್ಲಿದ್ದಾರೆ" ಅಂದಿದ್ದಾಳೆ.

"ಮೊದಲೇ ಯಾಕೆ ಹೇಳ್ಲಿಲ್ಲ ನೀವು?" ನನಗೆ ಸಿಟ್ಟು ಬಂತು.

"ಕರೆದ್ರು, ಹೋದೆ. ನನ್ನನ್ನ ಯಾರಾದ್ರೂ ಎಲ್ಲಿಗಾದ್ರೂ ಕರೆದು ಬಹಳ ವರ್ಷ ಆಗಿತ್ತು" ಅಂದಳು ಅಜ್ಜಿ.

ನನ್ನ ಸಿಟ್ಟು ಜರ್ರನೆ ಇಳಿಯಿತು.

"ಅವರ ವಿಷಯ ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?"

"ಎರಡು ವರ್ಷದಿಂದ ಪಕ್ಕ ಕೂರ್ತಿದ್ದೀವಿ. ಡಾಕ್ಟರು ಕೇಳಿದ್ರೆ ಭಯ ಆಗುತ್ತೆ, ನಾನು ಕೇಳಿದ್ರೆ ಏನು ಭಯ? ಆದ್ರೆ ಹೆಸರು ಕೇಳ್ಲಿಲ್ಲ. ಅಲ್ಲಿ ನಂಬರ್ ಕರೆಯೋದಲ್ವಾ." ಕೈಯಲ್ಲಿದ್ದ ಅರ್ಧ ಹಣ್ಣು ನೋಡಿದಳು. "ಈಗ ನನ್ನನ್ನ ಸೋಮವಾರಕ್ಕೆ ಹಾಕಿದ್ದಾರೆ. ಇಬ್ಬರೂ ಎದುರುಬದುರಾಗಬಾರದಂತೆ. ನಮ್ಮ ಒಳ್ಳೇದಕ್ಕೇ ಅಂತೆ."

ಬಸ್ಸು ಬಂತು. ಅರ್ಧ ಹಣ್ಣನ್ನು ನನ್ನ ಕೈಗಿಟ್ಟು ಹತ್ತಿದಳು. ನಾನು ಅದನ್ನು ತಿನ್ನಲೂ ಆಗದೆ ಎಸೆಯಲೂ ಆಗದೆ ಮನೆಯವರೆಗೂ ಹಿಡಿದುಕೊಂಡು ಬಂದೆ. ನನ್ನ ಒಂದು ಅಧಿಕಪ್ರಸಂಗಕ್ಕೆ ಮೂರು ಜನರ ಬಾಳು ಅಡ್ಡಾದಿಡ್ಡಿಯಾಗಿತ್ತು. ನಿಜ ಹೇಳುತ್ತೇನೆ, ಆ ದಿನ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ.

ಪಾಪು ಮಾತ್ರ ದಿನಾ ಎದ್ದು, ಕೋಟು ಇಸ್ತ್ರಿ ಮಾಡಿ, ಹೋಗುತ್ತಿದ್ದಳು. ಬುಧವಾರ ಸಂಜೆಗಳಲ್ಲಿ ಮಾತು ಕಡಿಮೆ. ಒಮ್ಮೆ ಮಾತ್ರ ಅಂದಳು, "ಐವತ್ತು ನಿಮಿಷ ಗಡಿಯಾರ ನೋಡಿಕೊಂಡು ಕೂತಿದ್ದೆ ಅಕ್ಕ." ಯಾರ ಎದುರು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆರನೇ ತಿಂಗಳ ಎರಡನೇ ವಾರ ಸಿಡಿಲು ಬಡಿಯಿತು. ಪೆನ್ಸಿಲಮ್ಮ ನಿಯಮದ ಪ್ರಕಾರ ಬೂದು ಕೋಟನ್ನು ಮತ್ತೆ ಕೇಳಿದ್ದಾರೆ, "ನಿಮ್ಮದೇನಾದರೂ ದೂರು ಇದೆಯೇ?" ಮೊದಲ ಸಲ "ಪರವಾಗಿಲ್ಲ" ಎಂದಿದ್ದ ಮನುಷ್ಯ ಈ ಸಲ "ಇದೆ" ಎಂದರಂತೆ. ದೂರಿನ ಕಾಗದ ಇಸಿದುಕೊಂಡು, ಮನೆಯಲ್ಲಿ ಕೂತು ಬರೆಯುತ್ತೇನೆ ಎಂದು ಮಡಿಸಿ ಜೇಬಿಗಿಟ್ಟುಕೊಂಡು ಹೋದರಂತೆ.

"ಇನ್ನೇನು, ಆಯ್ತಲ್ಲ" ಅಂದಳು ಪಾಪು. ನನಗಿಂತ ಅವಳೇ ಸಮಾಧಾನವಾಗಿದ್ದಳು. ಚಹಾ ಮಾಡಿ ಎರಡು ಲೋಟಕ್ಕೆ ಸೋಸಿದಳು. "ಕೊಡಲಿ ಬಿಡು. ಕೊಡೋ ಹಕ್ಕು ಅವರಿಗಿದೆ. ಬಾಯಿ ಬಿಟ್ಟು 'ಇದೆ' ಅಂದ್ರಲ್ಲ, ಅದೇ ದೊಡ್ಡದು."

"ನಿನ್ನ ಕೆಲಸ ಹೋಗುತ್ತೆ ಕಣೇ!"

"ಗೊತ್ತು." ಒಂದು ಲೋಟ ನನ್ನ ಮುಂದೆ ಇಟ್ಟಳು. "ಅವರ ಮಾತು ಕೊನೇವರೆಗೂ ಕೇಳಿ ಹೋಗಬಹುದಿತ್ತು. ಅಷ್ಟೇ ನನಗೆ."

ಮಂಚದ ಕೆಳಗಿನ ಸೂಟ್‌ಕೇಸ್ ನೋಡಿದೆ. ಬಿಚ್ಚದೆ ಇಟ್ಟದ್ದು ಒಳ್ಳೆಯದೇ ಆಯಿತು, ಒಂದು ಕೆಲಸ ಕಮ್ಮಿ, ಎಂಬ ಯೋಚನೆ ಬಂತು. ಬಂದ ಕೂಡಲೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆರು ತಿಂಗಳಿಂದ ನಾನು ಅದನ್ನು ಕಾವಲು ಕಾಯುತ್ತಿದ್ದೆ. ಇವಳು ಸೋತು ಬರಲಿ ಎಂದು ಕಾಯುವುದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಒಂದು ವಾರ ಕಳೆಯಿತು. ಗುರುವಾರ ಪಾಪುವನ್ನು ಪೆನ್ಸಿಲಮ್ಮ ಕರೆಸಿದರು. ದೂರಿನ ಕಾಗದ ಮೇಜಿನ ಮೇಲಿತ್ತು. ಅದರ ನಕಲನ್ನು ಬೂದು ಕೋಟು ಆಮೇಲೆ ನನಗೇ ತೋರಿಸಿದ್ದಾರೆ, ಅದಕ್ಕೇ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಅಕ್ಷರ ದುಂಡಗೆ, ಒಂದೂ ನಡುಗಿಲ್ಲ.

"ದೂರು: ಬುಧವಾರ ನನ್ನ ಪಕ್ಕ ಕೂರುತ್ತಿದ್ದವರನ್ನು ಸೋಮವಾರಕ್ಕೆ ಹಾಕಿದ್ದೀರಿ. ಯಾರನ್ನು ಕೇಳಿ ಹಾಕಿದಿರಿ? ಹೊಸ ಡಾಕ್ಟರು ಒಳಗೆ ಕರೆಯುವ ಮುಂಚೆ ನನ್ನನ್ನು ಕೇಳಿದರು. ನೀವು ಕೇಳಲಿಲ್ಲ. ಹೊಸ ಮಾತ್ರೆಯಿಂದ ಕೈ ನಡುಗುವುದು ನಿಂತಿದೆ, ಆದರೆ ಅದನ್ನು ಹೇಳಲು ಪಕ್ಕದಲ್ಲಿ ಜನ ಇಲ್ಲ. ದಯವಿಟ್ಟು ವಾಪಸು ಹಾಕಿ."

ದೂರು ಇದ್ದದ್ದು ಪೆನ್ಸಿಲಮ್ಮನ ಮೇಲೆ! ನಾನಾಗಿದ್ದರೆ ಕಾಗದ ಹರಿದು ಹಾಕುತ್ತಿದ್ದೆನೇನೋ. ಆಕೆ ಪೆನ್ಸಿಲು ತೆಗೆದು, ಎರಡು ಸಲ ಓದಿ, "ಇದು ನ್ಯಾಯವಾದ ದೂರು" ಎಂದರಂತೆ. ಪಾಪುವಿನ ವರದಿಯಲ್ಲಿ ತಪ್ಪನ್ನು ಬಿಡಲಿಲ್ಲ: ಜೊತೆಗೆ ಇರುವವರು ಯಾರೆಂದು ಖಚಿತಪಡಿಸಿಕೊಳ್ಳದೆ ಒಳಗೆ ಕರೆದಿದ್ದಾರೆ, ತಾವಾಗಿಯೇ ಒಪ್ಪಿಕೊಂಡಿದ್ದಾರೆ. ಅದರ ಕೆಳಗೆ ಬರೆದರು: ಇವರು ಆಗಬಹುದು. ಅದರ ಕೆಳಗೆ ಸಹಿ. ರೋಗಿಯು ತನಗೆ ಬೇಕಾದವರನ್ನು ಒಳಗೆ ಕರೆತರಲು ಒಂದು ಅರ್ಜಿ ನಮೂನೆ ಆ ಆಸ್ಪತ್ರೆಯಲ್ಲಿ ಮೊದಲಿನಿಂದಲೂ ಇತ್ತು. ಯಾರೂ ಕೇಳದೆ ಕಪಾಟಿನಲ್ಲೇ ಹಳದಿಯಾಗಿತ್ತು. ಅದನ್ನು ತೆಗೆಸಿ ಮುಂದಿನ ಕೌಂಟರಿನ ಮೇಲೆ ಇಡಿಸಿದರು. ಆಕೆಯ ಬಗ್ಗೆ ಕನ್ನಡದಲ್ಲಿ ಆಡಿದ್ದ ಮಾತನ್ನೆಲ್ಲ ನಾನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ. ಅಡ್ಡಹೆಸರನ್ನು ಮಾತ್ರ ಬಿಟ್ಟಿಲ್ಲ.

ಮುಂದಿನ ಬುಧವಾರ ಡಬ್ಬಿಯನ್ನು ಕೌಂಟರಿನಲ್ಲಿ ಕೊಟ್ಟು ತಿರುಗಿದೆ. ಕಾಯುವ ಕೋಣೆಯ ಕಡೆ ನೋಡಬಾರದು ಎಂದು ಕಣ್ಣು ನೆಲಕ್ಕೆ ನೆಟ್ಟಿದ್ದೆ. "ಡಬ್ಬಿಯವರೇ!" ಎಂದು ಕೂಗು ಕೇಳಿತು. ಕಿಟಕಿಯ ಹತ್ತಿರ ಇಬ್ಬರೂ ಇದ್ದರು. ಕೌಂಟರಿನವಳು ನನ್ನನ್ನು ನೋಡಿ, ಅವರನ್ನು ನೋಡಿ, ಹೋಗಿ ಎಂದು ಗದ್ದ ಆಡಿಸಿದಳು.

ಬೂದು ಕೋಟಿನ ತೊಡೆಯ ಮೇಲೆ ಹಳದಿ ಅರ್ಜಿ ಇತ್ತು. ಅಜ್ಜಿ ಅದನ್ನು ಕಿತ್ತುಕೊಂಡು ನನಗೆ ತೋರಿಸಿದಳು. "ನೋಡಿ ಇವರು ಬರೆದದ್ದನ್ನ. ಇವತ್ತು ಹೆಸರು ಕೇಳಿದ್ರು. ಎರಡು ವರ್ಷಕ್ಕೆ!"

ಒಳಗೆ ಬರುವವರ ಹೆಸರು ಎಂಬಲ್ಲಿ ಅಜ್ಜಿಯ ಹೆಸರಿತ್ತು. ಅದರ ಕೆಳಗೆ, ರೋಗಿಗೆ ಇವರ ಸಂಬಂಧ ಎಂಬ ಗೆರೆಯ ಮೇಲೆ, ಅದೇ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ಪಕ್ಕದ ಕುರ್ಚಿ.

ಅರ್ಜಿಯನ್ನು ಅಜ್ಜಿಗೆ ವಾಪಸು ಕೊಟ್ಟೆ. ಮೂರನೇ ಕುರ್ಚಿಯಲ್ಲಿ ಕೂತೆ. ಅಜ್ಜಿ ಹಣ್ಣು ಸುಲಿದು ಅವರಿಗೆ ಕೊಟ್ಟು, ನನಗೂ ನಾಲ್ಕು ತೊಳೆ ಕೊಟ್ಟಳು. ತಿಂದೆ. ಸಿಹಿಯಾಗಿತ್ತು. ಬೀಜ ಬಾಯಲ್ಲಿ ಉಳಿಯಿತು. ಕಸದ ಬುಟ್ಟಿ ಎಲ್ಲಿದೆ ಎಂದು ಅತ್ತಿತ್ತ ನೋಡುತ್ತಿದ್ದೆ. ಅಜ್ಜಿ ಬೂದು ಕೋಟಿನ ಜೊತೆ ಏನೋ ಮಾತಾಡುತ್ತಲೇ, ನನ್ನ ಮುಖ ಕೂಡ ನೋಡದೆ, ಅಂಗೈ ಚಾಚಿದಳು.

ಆ ಸಂಜೆ ಪಾಪು ಒಂದು ಗಂಟೆ ತಡವಾಗಿ ಬಂದಳು. ಬೂಟು ಬಿಚ್ಚಿದಳು, ಒಂದು ಈ ಕಡೆ, ಒಂದು ಆ ಕಡೆ. ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಕಣ್ಣು ಕೆಂಪಾಗಿತ್ತು, ಮುಖ ತುಂಬ ನಗು.

"ಅಕ್ಕ, ಇವತ್ತು ಅವರೇ ನಿಲ್ಲಿಸಿದ್ರು."

ಯಾರು ಎಂದು ನಾನು ಕೇಳಲಿಲ್ಲ. ಬಾಣಲೆ ಕಾದು ಹೊಗೆ ಗಂಟೆ ಬಡಿದುಕೊಳ್ಳತೊಡಗಿತು. ಅವಳು ಕುರ್ಚಿ ಹತ್ತಿ ಟವೆಲ್ ಬೀಸಿದಳು, ಕೆಳಗಿನವರು ಕೋಲಿನಿಂದ ತಟ್ಟಿದರು. ನಾನು ಒಲೆ ಆರಿಸಿ ಕೋಣೆಗೆ ಹೋಗಿ, ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆದು ಬೀಗ ತೆಗೆದೆ.